ಅಂತರ್ಜಾಲದಲ್ಲಿ ಅಡುಗೆ ಭಟ್ಟರು

ಚಿತ್ರಕಾರ ಬರೆದದ್ದು ಗೋಡೆಯ ಮೇಲೆ ಉಳಿಯುತ್ತದೆ. ಬಡಗಿ ಮಾಡಿದ ಬಾಗಿಲು ಮೊಮ್ಮಕ್ಕಳ ಕಾಲಕ್ಕೂ ನಿಂತಿರುತ್ತದೆ. ಅಡುಗೆಯವರ ಪಾಡು ಬೇರೆ. ಬೆಳಗಿನ ಜಾವ ಮೂರಕ್ಕೆ ಒಲೆ ಹೊತ್ತಿಸಿ ಮಾಡಿದ್ದೆಲ್ಲ ಮಧ್ಯಾಹ್ನ ಎರಡರ ಹೊತ್ತಿಗೆ ಎಂಜಲೆಲೆಯೊಡನೆ ಮುಗಿದುಹೋಗುತ್ತದೆ. ಉಳಿಯುವುದು ಉಂಡವರ ಬಾಯಿಮಾತು ಮಾತ್ರ. ಉಡುಪಿ ಕಡೆಯ ಅಡುಗೆ ಭಟ್ಟರು ತಲೆಮಾರುಗಳಿಂದ ಈ ಬಾಯಿಮಾತನ್ನೇ ನಂಬಿ ಬದುಕಿದವರು.

ಅಂಥ ಒಬ್ಬ ಭಟ್ಟರಿಗೆ ಅರವತ್ತರ ಹೊಸ್ತಿಲಲ್ಲಿ ಈ ಬಾಯಿಮಾತು ಕೈಕೊಟ್ಟಿತು. ಮೂವತ್ತು ವರ್ಷಗಳಿಂದ ಅವರಿಂದಲೇ ಅಡುಗೆ ಮಾಡಿಸುತ್ತಿದ್ದ ಮನೆಯವರು ಮಗಳ ಮದುವೆಯನ್ನು ಬೇರೆಯವರಿಗೆ ಒಪ್ಪಿಸಿದರು. ಬೆಂಗಳೂರಿನಲ್ಲಿದ್ದ ಮದುಮಗ ಫೋನಿನಲ್ಲಿ ಹುಡುಕಿದನಂತೆ. ಭಟ್ಟರದು ಏನೂ ಸಿಗಲಿಲ್ಲವಂತೆ. ಹುಡುಕಿ ಸಿಗದವರು ಈ ಕಾಲದಲ್ಲಿ ಇಲ್ಲದವರ ಲೆಕ್ಕ. ಭಟ್ಟರನ್ನು ನೆಚ್ಚಿ ಹದಿನಾಲ್ಕು ಸಹಾಯಕರ ಸಂಸಾರಗಳಿದ್ದವು. ಒಂದು ಮದುವೆ ತಪ್ಪಿದರೆ ಅಷ್ಟೂ ಮನೆಗಳಿಗೆ ಬಿಸಿ ತಟ್ಟುತ್ತಿತ್ತು.

ಕಂಪ್ಯೂಟರ್ ಓದಿದ ತಂಗಿಯ ಮಗ ಜಾಲತಾಣ ಮಾಡಿಕೊಡಲು ಮುಂದೆ ಬಂದ. ಎರಡೇ ದಿನದಲ್ಲಿ ಸಿದ್ಧವೂ ಆಯಿತು. ಕಪ್ಪು ಹಿನ್ನೆಲೆ, ಒಂದರ ಹಿಂದೊಂದು ಜಾರುವ ಬಣ್ಣದ ಚಿತ್ರಗಳು, ಮೇಲೊಂದಿಷ್ಟು ಇಂಗ್ಲಿಷ್. ಭಟ್ಟರು ಕನ್ನಡಕ ಏರಿಸಿಕೊಂಡು ನೋಡಿ ಒಂದು ಚಿತ್ರದ ಮೇಲೆ ಬೆರಳಿಟ್ಟರು.

“ಮಾಣಿ, ಈ ಹುಳಿ ಯಾರದ್ದು?”

“ಮಾದರಿಗೆ ಅಂತ ಹಾಕಿದ್ದು ಮಾವ. ಅಂತರ್ಜಾಲದಲ್ಲಿ ಸಿಕ್ಕಿತು.”

“ಇದರಲ್ಲಿ ಈರುಳ್ಳಿ ತೇಲ್ತಾ ಉಂಟು. ಮಠದವರು ಕಂಡರೆ ನನ್ನನ್ನು ಅಡುಗೆಮನೆ ಹೊಸ್ತಿಲು ದಾಟಲಿಕ್ಕೆ ಬಿಡ್ತಾರಾ?”

ಚಿತ್ರಗಳೆಲ್ಲ ಹೋದವು. ಆಮೇಲೆ ಭಟ್ಟರು ಒಂದು ನೋಟುಬುಕ್ಕು ತರಿಸಿದರು. “ಅಡುಗೆ ಹೇಳಲಿಕ್ಕೆ ಬಂದವರು ಮೊದಲು ಏನು ಕೇಳ್ತಾರೆ, ಅದನ್ನು ಬರಿ” ಎಂದರು. ಯಾವ ಕಾರ್ಯಕ್ರಮ? ಎಷ್ಟು ಎಲೆ? ಏನೇನು ಮಾಡುತ್ತೀರಿ? ಬಡಿಸಲು ಎಷ್ಟು ಜನ ಬರುತ್ತಾರೆ? ಜಾಲತಾಣದ ನಕ್ಷೆ ಈ ನಾಲ್ಕು ಪ್ರಶ್ನೆಗಳಲ್ಲೇ ಇತ್ತು. ಅದಕ್ಕೆ ಕಂಪ್ಯೂಟರೇ ಬೇಕಾಗಿರಲಿಲ್ಲ.

ತಿಂಡಿಗೊಂದು ಪುಟ, ಊಟಕ್ಕೊಂದು ಪುಟ ಎಂಬ ಹುಡುಗನ ವಿಂಗಡಣೆ ಬಿದ್ದುಹೋಗಿ, ಮದುವೆ, ಉಪನಯನ, ಶ್ರಾದ್ಧ, ಚಾತುರ್ಮಾಸ್ಯ ಎಂದು ಹೊಸ ವಿಂಗಡಣೆ ಬಂತು. ಅದಕ್ಕೆ ಕಾರಣವಿದೆ. ಚಾತುರ್ಮಾಸ್ಯದ ನಾಲ್ಕು ತಿಂಗಳಲ್ಲಿ ಕ್ರಮವಾಗಿ ತರಕಾರಿ, ಮೊಸರು, ಹಾಲು, ದ್ವಿದಳ ಧಾನ್ಯ ವರ್ಜ್ಯ. ಮೊದಲ ತಿಂಗಳ ವ್ರತಸ್ಥರಿಗೆ ಗುಳ್ಳದ ಕೊದ್ದೆಲಿನ ಚಿತ್ರ ತೋರಿಸಿ ಫಲವೇನು? ಕಡೆಯ ತಿಂಗಳಲ್ಲಿ ತೊಗರಿಬೇಳೆ ಇಲ್ಲದೆ ಎಲೆ ತುಂಬಿಸುವುದು ಹೇಗೆಂದು ಬಲ್ಲವರು ಬೇಕು. ಭಟ್ಟರ ವಿದ್ಯೆ ಇದ್ದದ್ದು ಅಲ್ಲಿ.

ಇನ್ನೊಂದು ವಿದ್ಯೆ ಅಳತೆಯದು. ಹತ್ತು ಜನರ ಸಾರಿನ ಲೆಕ್ಕವನ್ನು ನೂರರಿಂದ ಗುಣಿಸಿದರೆ ಸಾವಿರ ಜನರ ಸಾರು ಆಗುವುದಿಲ್ಲ, ನೀರು ನೀರಾಗುತ್ತದೆ. ಪಾತ್ರೆ ದೊಡ್ಡದಾದಂತೆ ಒಳಗಿನ ಪ್ರಮಾಣ ಬೆಳೆಯುವಷ್ಟು ಬೇಗ ಮೇಲ್ಮೈ ಬೆಳೆಯುವುದಿಲ್ಲ. ಆವಿಯಾಗುವುದು ಮೇಲ್ಮೈಯಿಂದ ತಾನೆ? ಹಾಗಾಗಿ ಕೊಪ್ಪರಿಗೆಯಲ್ಲಿ ಆವಿಯಾಗಿ ಹೋಗುವ ಪಾಲು ಕಡಿಮೆ. ಭಟ್ಟರು ಈ ಸೂತ್ರ ಓದಿದವರಲ್ಲ, ಆದರೆ ಅವರ ಕೈಗೆ ಅದು ಗೊತ್ತು. ಐವತ್ತು ಎಲೆ, ಇನ್ನೂರು ಎಲೆ, ಸಾವಿರ ಎಲೆ ಎಂದು ಮಾಡಿದ ಕೆಲಸಗಳ ಪಟ್ಟಿ, ಮನೆಯವರ ಒಪ್ಪಿಗೆ ಪಡೆದು, ಮೊದಲ ಪುಟಕ್ಕೇ ಬಂತು.

ಚಿತ್ರಗಳನ್ನು ಒಂದು ಉಪನಯನದ ದಿನ ತೆಗೆದರು. ಒಲೆಯ ಬಳಿ ಆವಿ ತಣ್ಣನೆಯ ಮಸೂರಕ್ಕೆ ತಾಗಿ ಹನಿಗಟ್ಟಿ ಎಲ್ಲ ಮಸುಕಾಯಿತು. ಕಡೆಗೆ ಎಲೆಯನ್ನು ಕಿಟಕಿಯ ಪಕ್ಕಕ್ಕೆ ಒಯ್ದು, ಪಕ್ಕದಿಂದ ಬೀಳುವ ಬೆಳಕಿನಲ್ಲಿ ತೆಗೆದದ್ದು ಚೆನ್ನಾಗಿ ಬಂತು. ಒಂದೊಂದು ಚಿತ್ರವೂ ಹಲವು ಮೆಗಾಬೈಟ್ ತೂಗುತ್ತಿತ್ತು. ಹುಡುಗ ಅವನ್ನು ಇನ್ನೂರು ಕಿಲೋಬೈಟಿನೊಳಗೆ ಇಳಿಸಿದ. ನಮ್ಮ ಕಣ್ಣು ಬೆಳಕಿನ ಏರಿಳಿತವನ್ನು ಗಮನಿಸುವಷ್ಟು ಬಣ್ಣದ ಸೂಕ್ಷ್ಮವನ್ನು ಗಮನಿಸುವುದಿಲ್ಲ; ಚಿತ್ರವನ್ನು ಕುಗ್ಗಿಸುವ ವಿಧಾನ ಆ ದೌರ್ಬಲ್ಯದ ಲಾಭ ಪಡೆಯುತ್ತದೆ. ಸಿಗ್ನಲ್ ಸರಿಯಿಲ್ಲದ ಹಳ್ಳಿಯಲ್ಲೂ ಪುಟ ಬೇಗ ತೆರೆದುಕೊಳ್ಳಬೇಕಲ್ಲ!

ಬರಹದ ಫಜೀತಿ ಬೇರೆ. ಮುದ್ರಣಾಲಯದವರು ಕೊಟ್ಟ ಊಟದ ಪಟ್ಟಿಯನ್ನು ಹಾಗೆಯೇ ಅಂಟಿಸಿದಾಗ ‘ಕೋಸಂಬರಿ’ ಅರ್ಥವಿಲ್ಲದ ರೋಮನ್ ಅಕ್ಷರಗಳಾಗಿ ಕುಣಿಯಿತು. ಅದು ಹಳೆಯ ಬಗೆಯ ಫಾಂಟು. 1991ರ ಮೊದಲ ಆವೃತ್ತಿಯಲ್ಲೇ ಯೂನಿಕೋಡ್ ಕನ್ನಡಕ್ಕೆ ಜಾಗ ಕೊಟ್ಟಿದೆ. ಅದರಲ್ಲಿ ಬೆರಳಚ್ಚಿಸಿದರೆ ಮಾತ್ರ ಯಾರ ಫೋನಿನಲ್ಲೂ ಓದಬಹುದು, ಹುಡುಕಿದವರಿಗೂ ಸಿಗುತ್ತದೆ. ಹುಡುಗ ಇಡೀ ಪಟ್ಟಿಯನ್ನು ಹೊಸದಾಗಿ ಬೆರಳಚ್ಚಿಸಿದ. ಫೋನ್ ನಂಬರು ಪ್ರತಿ ಪುಟದ ಅಡಿಯಲ್ಲೂ ಇರಲಿ, ಮುಟ್ಟಿದರೆ ಕರೆ ಹೋಗಲಿ ಎಂದದ್ದು ಭಟ್ಟರ ಮಡದಿ. ಆ ಮನೆಯಲ್ಲಿ ಕರೆ ಬರೆದಿಡುವವರು ಅವರೇ.

ಎಲ್ಲ ಮುಗಿಯಿತು ಎನ್ನುವಾಗ ಭಟ್ಟರು ಹಯಗ್ರೀವದ ಚಿತ್ರದ ಬಳಿ ನಿಂತರು.

“ಇದು ನಾನು ಮಾಡಿದ್ದಲ್ಲ.”

“ನಿಮ್ಮ ತಂಡದ್ದೇ ಅಲ್ವಾ ಮಾವ?”

“ತಂಡದ್ದು ಹೌದು, ಕೈ ಅವನದ್ದು. ಅವನ ಹೆಸರು ಹಾಕು. ಇನ್ನು ನಾಲ್ಕು ವರ್ಷಕ್ಕೆ ನಾನು ಕೊಪ್ಪರಿಗೆ ಎತ್ತಲಿಕ್ಕಿಲ್ಲ. ಆಗ ಜನ ಅವನನ್ನು ಎಲ್ಲಿ ಹುಡುಕಬೇಕು?”

ಹುಡುಗ ಸ್ವಲ್ಪ ಹೊತ್ತು ಸುಮ್ಮನಿದ್ದ. ಮಾವನಿಗೆಂದು ಹೊರಟ ಕೆಲಸ ಅಲ್ಲಿಗೆ ಇನ್ನೊಂದಾಯಿತು. ಎಲ್ಲರನ್ನೂ ಕೇಳಿ, ಯಾರ ಕೈಯಲ್ಲಿ ಏನು ಚೆಂದ ಎಂದು ಬರೆದು, ಹದಿನಾಲ್ಕು ಹೆಸರಿಗೂ ಒಂದು ಪುಟ ಮಾಡಿದ. ಭಟ್ಟರ ಹೆಸರು ಹದಿನೈದನೆಯದು. ಹಾಗೆಯೇ ಇರಲಿ ಎಂದವರೂ ಅವರೇ.

ಒಂದು ತಿಂಗಳ ಮೇಲೆ ಮೈಸೂರಿನಿಂದ ಕರೆ ಬಂತು. ಮೊಮ್ಮಗುವಿನ ನಾಮಕರಣ, ನೂರೈವತ್ತು ಎಲೆ, ದ್ವಿದಳ ವ್ರತದವರು ಹತ್ತು ಮಂದಿ. ಚಿತ್ರ ಹೇಗಿದೆ ಎಂಬ ಮಾತೇ ಬರಲಿಲ್ಲ. ಹಯಗ್ರೀವ ಮಾಡುವವರನ್ನು ತಪ್ಪದೆ ಕರೆತನ್ನಿ ಎಂದರು. ಭಟ್ಟರ ಮಡದಿ ತಾರೀಕು ಬರೆದುಕೊಂಡು, ಆತನ ಮನೆಗೆ ಹೇಳಿ ಕಳುಹಿಸಿದರು.