ಜೆ. ಸಿ. ರಸ್ತೆಯಲ್ಲೊಂದು ರೋಗನಿದಾನ

ಬೆಂಗಳೂರಿನ ಪುರಭವನದ ಬಳಿಯಿಂದ ಸಾಗುವ ಜೆ. ಸಿ. ರಸ್ತೆಯು ವಾಹನಗಳ ಬಿಡಿಭಾಗಗಳಿಗೆ ಹೆಸರಾದ ಪೇಟೆ. ಶಿರಾಡಿ ಘಟ್ಟವನ್ನೇರಲು ತ್ರಾಣ ಸಾಲದೆ ನೀಲಿ ಹೊಗೆಯನ್ನುಗುಳುತ್ತಿದ್ದ ನಮ್ಮ ಡೀಸೆಲ್ ಜೀಪಿಗೆ ಬದಲಿ ಟರ್ಬೋಚಾರ್ಜರನ್ನು ಹಾಕಿಸಲು ಅಲ್ಲಿಗೆ ಹೋಗಿದ್ದೆವು. ಸ್ವಿಟ್ಸರ್ಲೆಂಡಿನ ಆಲ್ಫ್ರೆಡ್ ಬ್ಯೂಖಿಯವರು 1905ರಲ್ಲಿ ಪೇಟೆಂಟು ಪಡೆದ ಈ ಯುಕ್ತಿಯಲ್ಲಿ, ಹೊರಹೋಗುವ ಹೊಗೆಯೇ ಚಕ್ರವನ್ನು ತಿರುಗಿಸಿ ಎಂಜಿನ್ನಿಗೆ ಹೆಚ್ಚು ಗಾಳಿಯನ್ನೂಡುವುದು. ಆ ಚಕ್ರವು ನಿಮಿಷಕ್ಕೆ 1,00,000 ಸುತ್ತುಗಳನ್ನೂ ಮೀರಬಲ್ಲುದಾದುದರಿಂದ ಎಣ್ಣೆಯೇ ಅದರ ಪ್ರಾಣ.

ಪಕ್ಕದ ಓಣಿಯ ವೃದ್ಧ ಮೇಸ್ತ್ರಿಯವರು, "ಸ್ವಾಮಿ, ಹಳೆಯದು ಕೆಟ್ಟ ಕಾರಣವನ್ನು ತಿಳಿಯದೆ ಹೊಸದನ್ನು ಕೂರಿಸಿದರೆ ಅದೂ ಉಳಿಯದು" ಎಂದು, ಮಸಿಗಟ್ಟಿದ ಎಣ್ಣೆಯ ಕೊಳವೆಯನ್ನು ತೋರಿಸಿದರು. ಕೊಳವೆ, ಎಣ್ಣೆ, ಫಿಲ್ಟರುಗಳನ್ನು ಬದಲಾಯಿಸಿ, ಟರ್ಬೋವಿಗೆ ಮೊದಲೇ ಎಣ್ಣೆಯುಣಿಸಿ, ಬಳಿಕವೇ ಎಂಜಿನ್ನನ್ನು ಚಾಲೂ ಮಾಡಿದರು. ಬೆಲೆಯನ್ನು ವಿಚಾರಿಸುವ ಮುನ್ನ ಗೃಹಸ್ಥರು ಕಾರಣವನ್ನು ವಿಚಾರಿಸಲಿ. ರೋಗವನ್ನರಿಯದೆ ಕೊಟ್ಟ ಔಷಧವು ವ್ಯರ್ಥವಷ್ಟೆ.