ಗೇರಿನ ಬೀಗ

ಮೋಟಾರಿನ ಒಂದು ಅಂಗವು ನಿಂತಿತೆಂದರೆ ಆ ಅಂಗವೇ ಕೆಟ್ಟಿತೆಂದು ಬಗೆಯುವುದು ಲೋಕರೂಢಿ. ಕನಕಪುರದ ಹೆದ್ದಾರಿಯಲ್ಲಿರುವ ಹಾರೋಹಳ್ಳಿಯಲ್ಲಿ ಒಂದು ಸಂಜೆ ನಡೆದುದು ಇದಕ್ಕೆ ನಿದರ್ಶನ. ಬೆಂಗಳೂರಿನ ಆಸ್ಪತ್ರೆಯಲ್ಲಿದ್ದ ತಾಯಿಯ ಬಳಿಗೆ ಹೊರಟಿದ್ದ ಯುವಕನೊಬ್ಬನ ಆಟೋಮ್ಯಾಟಿಕ್ ಕಾರಿನಲ್ಲಿ, ಬ್ರೇಕನ್ನು ಎಷ್ಟು ತುಳಿದರೂ ಗೇರಿನ ಹಿಡಿಯು ‘ಪಾರ್ಕ್’ ಸ್ಥಾನವನ್ನು ಬಿಟ್ಟು ಕದಲದು. ಗೇರುಪೆಟ್ಟಿಗೆಯೇ ಹೋಯಿತೆಂದು ಅವನು ಕಂಗೆಟ್ಟನು.

ಕರೆ ಹೋಗಿ ಬಂದ ವೃದ್ಧ ಮೇಸ್ತ್ರಿಯು ಹಿಡಿಯನ್ನು ಮುಟ್ಟಲೇ ಇಲ್ಲ. “ಬ್ರೇಕು ತುಳೀರಿ ಸ್ವಾಮಿ” ಎಂದು ಕಾರಿನ ಹಿಂದೆ ನಿಂತನು. ಕೆಂಪು ದೀಪಗಳು ಹೊತ್ತಲಿಲ್ಲ. ಪೆಡಲಿನ ಮೇಲ್ಗಡೆಯ ಒಂದೇ ಸ್ವಿಚ್ಚು ಆ ದೀಪಗಳಿಗೂ, ಗೇರಿನ ಬೀಗವನ್ನು ತೆರೆಯುವ ವಿದ್ಯುತ್ಕಾಂತಕ್ಕೂ ಸೂಚನೆ ಕೊಡುವುದಷ್ಟೆ. ದೀಪ ಹೊತ್ತಿಯೂ ಹಿಡಿ ಕದಲದಿದ್ದರೆ ದೋಷವು ಬೀಗದ ಕಡೆ. ಎರಡೂ ಇಲ್ಲವಾದರೆ ಫ್ಯೂಸಿನಲ್ಲಿ, ಇಲ್ಲವೆ ಸ್ವಿಚ್ಚಿನಲ್ಲಿ. ಫ್ಯೂಸು ನೆಟ್ಟಗಿತ್ತು. ಸ್ವಿಚ್ಚಿನವರೆಗೆ ಬಂದ 12 ವೋಲ್ಟು, ಪೆಡಲನ್ನು ತುಳಿದರೂ ಅದರಾಚೆಗೆ ದಾಟಲಿಲ್ಲ.

“ಹಿಡಿಯ ಪಕ್ಕದ ಕಿಂಡಿಯಲ್ಲಿ ಒತ್ತಿ ಬೀಗ ಬಿಡಿಸಿಬಿಡಿ ಮೇಸ್ತ್ರಿಗಳೇ, ಹೊತ್ತಾಯಿತು.”

“ಬಿಡಿಸಬಹುದು. ಕತ್ತಲಲ್ಲಿ ನೀವು ಬ್ರೇಕು ಹಾಕಿದ್ದು ಹಿಂದಿನ ಲಾರಿಯವನಿಗೆ ತಿಳಿಯೋದು ಹ್ಯಾಗೆ?”

ಯುವಕನು ಸುಮ್ಮನಾದನು. ಹೊಸ ಸ್ವಿಚ್ಚು ಕೂಡಿಸಲು ಅರ್ಧ ಗಂಟೆ ಹಿಡಿಯಿತು. ತನ್ನನ್ನು ತಡೆದ ಬೀಗವೇ ಎಚ್ಚರಿಕೆಯನ್ನೂ ಕೊಟ್ಟಿತ್ತೆಂಬುದು, ಹಿಂದಿನ ದೀಪಗಳು ಹೊತ್ತಿದಾಗ ಅವನಿಗೆ ಮನದಟ್ಟಾಯಿತು.