ನೀರು ಬಿಟ್ಟರೆ ಊರು

“ಇಷ್ಟೇನಾ?” ಶಿವನಸಮುದ್ರದ ಗಗನಚುಕ್ಕಿ ಜಲಪಾತದ ಮುಂದೆ ಕಂಬಿ ಹಿಡಿದು ನಿಂತಿದ್ದ ಬೆಂಗಳೂರಿನ ಹುಡುಗ ಹಾಗೆ ಕೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ಅದು ಜೂನ್ ತಿಂಗಳ ಆರಂಭ. ಎದುರಿನ ಬಂಡೆಯ ಮೇಲೆ ಬಿಳಿ ಎಳೆಗಳಂತೆ ಒಂದಿಷ್ಟು ನೀರು ಇಳಿಯುತ್ತಿತ್ತು. ಅವನ ಮೊಬೈಲಿನ ವಿಡಿಯೊದಲ್ಲಾದರೋ ಬಂಡೆಯೇ ಕಾಣದಷ್ಟು ನೀರು. ಅವನ ಗುಂಪು ಹತ್ತು ನಿಮಿಷ ನಿಂತು, ಬೆನ್ನು ತಿರುಗಿಸಿ ಸೆಲ್ಫಿ ತೆಗೆದುಕೊಂಡು, ಪೆಟ್ರೋಲ್ ದಂಡವಾಯಿತೆಂದು ಗೊಣಗುತ್ತ ಕಾರು ಹತ್ತಿತು. ಖಾಲಿ ಬಾಟಲಿಗಳನ್ನು ಮಾತ್ರ ಇಲ್ಲೇ ಬಿಟ್ಟಿತು.

ಕಾರಿಲ್ಲದ ಕಾರಣಕ್ಕೆ ನಾನು ಉಳಿದೆ. ಉಳಿದದ್ದೇ ಒಳ್ಳೆಯದಾಯಿತು.

ಇಲ್ಲಿಗೆ ಬರಲು ಮೊದಲು ಮಳವಳ್ಳಿ ತಲುಪಬೇಕು, ಮಳವಳ್ಳಿಗೆ ರೈಲಿಲ್ಲ. ಮದ್ದೂರಿನಲ್ಲಿ ಇಳಿದು, ಕೆ.ಎಂ. ದೊಡ್ಡಿಯ ಮೇಲೆ ಬಸ್ಸಿನಲ್ಲಿ ಬರಬೇಕು. ಮದ್ದೂರು ಎಂದ ಮೇಲೆ ವಡೆ ತಿನ್ನದೆ ಬರುವಂತಿಲ್ಲ. 1917ರಲ್ಲಿ ರಾಮಚಂದ್ರ ಬುಧ್ಯ ಅವರು ಇದೇ ರೈಲು ನಿಲ್ದಾಣದಲ್ಲಿ ಅಕ್ಕಿಹಿಟ್ಟು, ರವೆ, ಮೈದಾ, ಈರುಳ್ಳಿ ಕಲಸಿ ತಟ್ಟಿದ ವಡೆ ಊರಿನ ಹೆಸರನ್ನೇ ಹೊತ್ತು ತಿರುಗಿತು. 2023ರಲ್ಲಿ ಹೊಸ ಹೆದ್ದಾರಿ ಉದ್ಘಾಟನೆಯಾದ ಮೇಲೆ ಬೆಂಗಳೂರು–ಮೈಸೂರು ಕಾರುಗಳು ಮದ್ದೂರಿನ ಒಳಗೆ ಬರುವುದನ್ನೇ ಬಿಟ್ಟಿವೆ. ರಸ್ತೆ ಎತ್ತ ಹೋಗುತ್ತದೋ ವ್ಯಾಪಾರವೂ ಅತ್ತ ಹೋಗುತ್ತದೆ ಎಂದು ಹೋಟೆಲಿನ ಗಲ್ಲಾದಲ್ಲಿ ಕೂತಿದ್ದವರು ಬೇಸರವಿಲ್ಲದೆಯೇ ಹೇಳಿದರು. ಶಿವನಸಮುದ್ರದಲ್ಲಿ ರಸ್ತೆಯ ಜಾಗದಲ್ಲಿ ನೀರನ್ನಿಟ್ಟುಕೊಂಡರೆ ಅದೇ ಕಥೆ.

ಮಳವಳ್ಳಿ ದಾಟಿ, ಕೊಳ್ಳೇಗಾಲದ ರಸ್ತೆಯಿಂದ ತಿರುಗಿದರೆ ಸಿಗುವ ಈ ಪುಟ್ಟ ಊರನ್ನು ಸುತ್ತಲಿನವರು ಇವತ್ತಿಗೂ ಬ್ಲಫ್ ಎನ್ನುತ್ತಾರೆ. ವಿದ್ಯುತ್ ಕೇಂದ್ರದ ವಸತಿಗೃಹಗಳು, ದೊಡ್ಡ ಮರಗಳು, ನೆರಳಲ್ಲಿ ಮಲಗಿದ ನಾಯಿಗಳು, ಹಳೆಯ ಕಾಲದ ಗಾಂಭೀರ್ಯ ಬಿಡದ ಕಟ್ಟಡಗಳು. ಮೈಸೂರು ದಿವಾನ್ ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ, ಕೆನಡಾ ಮೂಲದ ಎಂಜಿನಿಯರ್ ಜೋಲಿ ಡಿ ಲಾಟ್‌ಬಿನಿಯರ್ ಅವರ ಯೋಜನೆಯಂತೆ ವಿದ್ಯುತ್ ಕೇಂದ್ರದ ಕೆಲಸ ಶುರುವಾಯಿತು. ಯಂತ್ರಗಳ ಬಿಡಿಭಾಗಗಳನ್ನು ಆನೆ, ಕುದುರೆಗಳನ್ನು ಬಳಸಿ ಇಲ್ಲಿಗೆ ಸಾಗಿಸಿದರು. 1902ರ ಜೂನ್‌ನಲ್ಲಿ ವಿದ್ಯುತ್ ಹರಿಯಿತು. ಅದನ್ನು ಕಾಣಲು ಅಯ್ಯರ್ ಇರಲಿಲ್ಲ, ಹಿಂದಿನ ವರ್ಷವೇ ತೀರಿಕೊಂಡಿದ್ದರು. ಆ ವಿದ್ಯುತ್ ಬ್ಲಫ್‌ನ ಮಗ್ಗುಲಿನ ಹಳ್ಳಿಗಳ ಗುಡಿಸಲಿಗೆ ಹೋಗಲಿಲ್ಲ. ಸುಮಾರು 147 ಕಿಲೋಮೀಟರ್ ತಂತಿಯ ಮೇಲೆ ನೇರವಾಗಿ ಕೋಲಾರದ ಚಿನ್ನದ ಗಣಿಗೆ ಹೋಯಿತು. ಆಗಿನ ಜಗತ್ತಿನ ಅತಿ ಉದ್ದದ ವಿದ್ಯುತ್ ಮಾರ್ಗಗಳಲ್ಲಿ ಅದೂ ಒಂದು. ಬೆಂಗಳೂರಿನ ಬೀದಿದೀಪ ಉರಿಯಲು 1905 ಬರಬೇಕಾಯಿತು. ಈಗ ಕೇಂದ್ರದ ಸಾಮರ್ಥ್ಯ 42 ಮೆಗಾವಾಟ್. ಶರಾವತಿಯ ಸಾವಿರ ಮೆಗಾವಾಟ್‌ಗಳ ಮುಂದೆ ಇದು ಲೆಕ್ಕಕ್ಕಿಲ್ಲ, ಆದರೂ ಓಡುತ್ತಿದೆ.

ಹುಡುಗನ “ಇಷ್ಟೇನಾ?”ಗೆ ಅರ್ಧ ಉತ್ತರ ಇಲ್ಲೇ ಇದೆ. ಹೊಳೆಯಲ್ಲಿ ನೀರು ಕಡಿಮೆಯಿದ್ದಾಗ ಬರುವುದರಲ್ಲಿ ಬಹುಪಾಲು ಕಾಲುವೆ ಹಿಡಿದು ಟರ್ಬೈನಿಗೆ ಹೋಗುತ್ತದೆ, ಉಳಿದದ್ದು ಜಲಪಾತಕ್ಕೆ. ಇನ್ನರ್ಧ ಉತ್ತರ ಕೊಟ್ಟವರು ದಾರಿಬದಿ ಕೆಂಡದ ಮೇಲೆ ಮುಸುಕಿನ ಜೋಳ ಸುಡುತ್ತಿದ್ದ ಹೆಂಗಸು.

“ಕಬಿನಿ ಬುಟ್ರಾ ಅಣ್ಣ?” ಎಂದು ಅವರೇ ಮೊದಲು ಕೇಳಿದರು. ನಾನು ಪೇಪರ್ ಓದುವವನಂತೆ ಕಂಡಿರಬೇಕು.

“ಇನ್ನೂ ಇಲ್ಲ ಅನ್ಸುತ್ತೆ ಅಕ್ಕ. ಮಳೆ ಈಗ ಶುರುವಾಗಿದೆ.”

“ಹಂಗಾರೆ ಇನ್ನೊಂದು ತಿಂಗ್ಳು ಸುಮ್ಕೆ ಕೂರದೆಯ. ನೀರ್ ಬುಟ್ರೆ ಜನ, ಜನ ಬಂದ್ರೆ ಯಾಪಾರ. ನಮ್ದೇನದೆ ಇಲ್ಲಿ?”

ಜೋಳಕ್ಕೆ ಉಪ್ಪುಖಾರ ಸವರಿ, ನಿಂಬೆಹೋಳು ಉಜ್ಜುತ್ತಲೇ ಅವರು ಹೊಳೆಯ ಪಂಚಾಂಗ ಹೇಳಿದರು. ಮೊದಲು ವಯನಾಡಿನ ಮಳೆಗೆ ಕಬಿನಿ ತುಂಬುತ್ತದೆ. ಅದು ತಿರುಮಕೂಡಲಿನಲ್ಲಿ ಕಾವೇರಿಗೆ ಸೇರಿ ಬಂದಾಗ ಚುಕ್ಕಿಗೆ ಜೀವ. ಆಮೇಲೆ ಕನ್ನಂಬಾಡಿ ಅಣೆಕಟ್ಟು (ಕೆಆರ್‌ಎಸ್) ತುಂಬಿದರೆ ಹಬ್ಬ. ಆದರೆ ತೀರಾ ಜಾಸ್ತಿ ಬಂದರೂ ಕಷ್ಟ. ಇಲ್ಲಿನ ಇನ್ನೊಂದು ಜಲಪಾತ ಭರಚುಕ್ಕಿಯ ಕೆಳಗೆ ತೆಪ್ಪ ನಿಲ್ಲಿಸುತ್ತಾರೆ, ಪೊಲೀಸರು ಅಡ್ಡ ನಿಲ್ಲುತ್ತಾರೆ, ತೆಪ್ಪದವರು ಮನೆಯಲ್ಲಿ ಕೂರುತ್ತಾರೆ. ಕಡಿಮೆಯೂ ಅಲ್ಲದ, ಹೆಚ್ಚೂ ಅಲ್ಲದ ನೀರು ವರ್ಷಕ್ಕೆ ಎಷ್ಟು ವಾರ ಬರುತ್ತದೋ ಅಷ್ಟೇ ವಾರ ಇವರ ಸುಗ್ಗಿ. ಅದರಲ್ಲೂ ಶನಿವಾರ, ಭಾನುವಾರ. ಪೇಪರಿನ ಮೂಲೆಯಲ್ಲಿ ಬರುವ ಜಲಾಶಯಗಳ ಒಳಹರಿವು, ಹೊರಹರಿವಿನ ಪಟ್ಟಿಯನ್ನು ಇಷ್ಟು ಆಸಕ್ತಿಯಿಂದ ವಿಚಾರಿಸುವವರನ್ನು ನಾನು ಬೇರೆಲ್ಲೂ ಕಂಡಿಲ್ಲ.

ಇಲ್ಲೊಂದು ವಿಚಿತ್ರವಿದೆ. ಮಂಡ್ಯದ ರೈತನಿಗೆ ಕನ್ನಂಬಾಡಿಯ ನೀರು ವಿಶ್ವೇಶ್ವರಯ್ಯ ನಾಲೆಗೆ ಹರಿಯಬೇಕು, ಹೊಳೆಗೆ ಬಿಡಬಾರದು. 2018ರಲ್ಲಿ ಸುಪ್ರೀಂ ಕೋರ್ಟ್ ತಮಿಳುನಾಡಿಗೆ ವರ್ಷಕ್ಕೆ 177.25 ಟಿಎಂಸಿ ಎಂದು ತೀರ್ಪು ಕೊಟ್ಟಿತು. 2023ರಲ್ಲಿ ಮಳೆ ಕೈಕೊಟ್ಟಾಗ ನೀರು ಬಿಡಬೇಡಿ ಎಂದು ಮಂಡ್ಯ ಬಂದ್ ಆಯಿತು, ಹೆದ್ದಾರಿಯಲ್ಲಿ ಧರಣಿ ಕೂತರು. ತಮಿಳುನಾಡಿನ ಗಡಿಯ ಬಿಳಿಗುಂಡ್ಲುವಿಗೆ ಹೋಗಬೇಕಾದ ಆ ನೀರು ಶಿವನಸಮುದ್ರದ ಮೇಲೆಯೇ ಹಾಯಬೇಕು. ಮಂಡ್ಯದಲ್ಲಿ ಬಂದ್ ಮಾಡಿಸಿದ ನೀರೇ ಅದೇ ಜಿಲ್ಲೆಯ ಅಂಚಿನಲ್ಲಿ ಜೋಳ ಮಾರಿಸುತ್ತದೆ. ಇದನ್ನು ಕೇಳಿಯೇ ಬಿಟ್ಟೆ. “ನಮ್ಮಣ್ಣಂದೂ ಗದ್ದೆ ಅದೆ ಕನಣ್ಣ, ಅಂವ ನೀರ್ ಬುಡ್ಬೇಡಿ ಅಂತ ಕೂಗ್ಕಂಡು ಹೋಗಿದ್ದ. ನಾನೇನು ಬುಡಿ ಅಂತ ಕೂಗಕ್ಕಾಯ್ತದಾ?” ಎಂದು ನಕ್ಕರು. ಚಿಲ್ಲರೆಯನ್ನು ಎಣಿಸಿ ಕೊಟ್ಟರು. ನೀರಿನ ವಿಚಾರದಲ್ಲಿ ಟಿವಿ ಚರ್ಚೆಗಳಲ್ಲಿ ಕೇಳಿದ್ದಕ್ಕಿಂತ ಈ ಮಾತು ನನಗೆ ನೇರವಾಗಿ ಕಂಡಿತು.

ಮಾರನೆಯ ದಿನ ನಡುಗಡ್ಡೆಯಲ್ಲಿ ಕಳೆಯಿತು. ಶ್ರೀರಂಗಪಟ್ಟಣದ ಆದಿರಂಗನಿಗೂ ಶ್ರೀರಂಗದ ಅಂತ್ಯರಂಗನಿಗೂ ನಡುವಿನ ಮಧ್ಯರಂಗ ಇಲ್ಲಿ ಗದ್ದಲವಿಲ್ಲದೆ ಮಲಗಿದ್ದಾನೆ. ಹೊಳೆಯ ಮಗ್ಗುಲಲ್ಲಿ ಮರ್ದಾನೆ ಗೈಬ್ ದರ್ಗಾ. ಅಲ್ಲಿಗೆ ಬರುವವರು ಹಿಂದೂ ಮುಸ್ಲಿಂ ಎಂದು ವಿಂಗಡಿಸಿಕೊಂಡು ಬರುವುದಿಲ್ಲ. 19ನೇ ಶತಮಾನದಲ್ಲಿ ರಾಮಸ್ವಾಮಿ ಮೊದಲಿಯಾರ್ ಕಟ್ಟಿಸಿದ ವೆಸ್ಲಿ ಸೇತುವೆ ಕಲ್ಲುಕಂಬಗಳ ಮೇಲೆ ನಿಂತಿತ್ತು. ಪ್ರವಾಹಕ್ಕೆ ಸಿಕ್ಕಿ ಅದರ ಒಂದಷ್ಟು ಭಾಗ ಕೊಚ್ಚಿಹೋಗಿದೆ. ಇಂಥದ್ದನ್ನು ಬೇರೆ ದೇಶದಲ್ಲಾದರೆ ಟಿಕೆಟ್ ಇಟ್ಟು ತೋರಿಸುತ್ತಿದ್ದರು. ನಮ್ಮಲ್ಲಿ ಅದರ ಬುಡದಲ್ಲಿ ಬಿರಿಯಾನಿ ತಿಂದು ತಟ್ಟೆ ಎಸೆಯುತ್ತೇವೆ.

ಕಾವೇರಿ ದಡದ ಮುತ್ತತ್ತಿಗೂ ಹೋಗಿಬಂದೆ. ನೀರಿಗಿಳಿಯಬೇಡಿ ಎಂಬ ಫಲಕದ ಕೆಳಗೇ ಬಟ್ಟೆ ಕಳಚಿಟ್ಟು ಈಜುವವರನ್ನು ಕಂಡು ಮಾತಾಡುವ ಮನಸ್ಸಾಗಲಿಲ್ಲ. ಅಲ್ಲಿನ ಹೊಳೆಯ ಮಡುವು ಪ್ರತಿವರ್ಷ ಜೀವ ತೆಗೆಯುತ್ತದೆ ಎಂಬುದು ಗೊತ್ತಿಲ್ಲದವರು ಈ ಸೀಮೆಯಲ್ಲಿ ಯಾರೂ ಇಲ್ಲ.

ಹೋಗುವವರು ಜುಲೈನಿಂದ ಅಕ್ಟೋಬರ್ ಒಳಗೆ, ಕಬಿನಿ ಮತ್ತು ಕನ್ನಂಬಾಡಿಯ ಹೊರಹರಿವು ನೋಡಿಕೊಂಡು, ಆದರೆ ವಾರದ ನಡುವೆ ಹೋಗಿ. ತೆಪ್ಪ ನಿಲ್ಲಿಸಿದ್ದರೆ ತೆಪ್ಪದವರ ಹತ್ತಿರ ಜಗಳ ತೆಗೆಯಬೇಡಿ. ಕುಡಿದ ಬಾಟಲಿಯನ್ನು ಕಾರಿನಲ್ಲೇ ವಾಪಸ್ ತನ್ನಿ. ಜೋಳದ ಬೆಲೆಗೆ ಚೌಕಾಶಿ ಮಾಡಬೇಡಿ.